ಪಾಲಯ್ಯ ಎಲ್ಲಿದ್ದ

ಕುರುಗೋಡಿನ ನಮ್ಮ ಮಠದಲ್ಲಿ ಶ್ರಾವಣದಲ್ಲಿ ಆಯಾ ದಿನದ ಪುರಾಣ ಮುಗಿದ ಮೇಲೆ ಪತ್ರಿಕೆ ಓದುವ ರೂಢಿಯಿತ್ತು. ಅದನ್ನೂ ಪುರಾಣದ ಹಾಗೆಯೇ ಓದುತ್ತಿದ್ದರು. ಒಬ್ಬರು ಒಂದು ಸಾಲು ಓದಿ ನಿಲ್ಲಿಸಬೇಕು, ಪುರಾಣಕ್ಕೆ ಅರ್ಥ ಹೇಳುವ ಹಿರಿಯರು ಉಜ್ಜಿನಪ್ಪನವರು ಅದರ ಅರ್ಥ ಹೇಳಬೇಕು, ಆಮೇಲೆ ಮುಂದಿನ ಸಾಲು. ಹೇಳಿದ ಅರ್ಥಕ್ಕೆ ಎದುರು ಮಾತಾಡುವುದು ನಮ್ಮಲ್ಲಿಲ್ಲ. ನಾನು ಅಲ್ಲಿನ ಕಂಬಕ್ಕೆ ಒರಗಿ ಕೇಳುತ್ತಲೇ ಬೆಳೆದವನು.

ಎಪ್ಪತ್ನಾಲ್ಕರಲ್ಲಿ ಬಳ್ಳಾರಿಯ ಒಂದು ದಿನಪತ್ರಿಕೆಗೆ ಸಿರುಗುಪ್ಪದಿಂದ ಸುದ್ದಿ ಕಳಿಸುತ್ತಿದ್ದೆ. ಆ ಶ್ರಾವಣದಲ್ಲಿ ಅಲ್ಲಿನ ಭತ್ತದ ಸೊಸೈಟಿಯ ಅಧ್ಯಕ್ಷಗಿರಿಗೆ ಚುನಾವಣೆ. ಎರಡು ಪಾರ್ಟಿಯೂ ಸಮಸಮ. ಕರೂರಿನ ಡೈರೆಕ್ಟರ್ ಪಾಲಯ್ಯ ಯಾವ ಕಡೆ ಕೈಯೆತ್ತಿದರೆ ಆ ಕಡೆ ಗೆಲುವು. ಆ ಪಾಲಯ್ಯನೇ ಕಾಣೆಯಾದ. ನಾನು ಬರೆದದ್ದು ಇಷ್ಟೇ: ‘ಪಾಲಯ್ಯನವರು ಪೂರ್ವಭಾವಿ ಸಭೆಗೆ ಬರಲಿಲ್ಲ. ಎಲ್ಲಿದ್ದಾರೆಂದು ಮನೆಯವರಿಗೂ ತಿಳಿದಿಲ್ಲ.’

ಸೋಮವಾರ ಊರಿಗೆ ಹೋದರೆ ಮಠದಲ್ಲಿ ಅದನ್ನೇ ಓದುತ್ತಿದ್ದರು.

“ಬರಲಿಲ್ಲ ಅಂದ್ರ ಏನು?” ಉಜ್ಜಿನಪ್ಪನವರು ಕಣ್ಣು ಮುಚ್ಚಿದರು. “ಬರಾಕ ಬಿಡಲಿಲ್ಲ ಅಂತ ಅರ್ಥ. ಯಾರು ಬಿಡಲಿಲ್ಲ? ಅವ ಬರೋದು ಯಾರಿಗೆ ಬ್ಯಾಡಾಗಿತ್ತೋ ಅವ್ರು. ಎಲ್ಲಿಟ್ಟಾರ? ಹೊಳಿ ದಂಡಿಗೆ, ಮಂದಿ ಸುಳಿದಾಡದ ಜಾಗದಾಗ. ಕೆಂಚನಗುಡ್ಡದ ಹಾಳು ಕೋಟಿ ಬಿಟ್ರ ಅಂಥಾ ಜಾಗ ಬ್ಯಾರೆ ಯಾವುದೈತಿ?”

ಕೂತವರೆಲ್ಲ “ಹೌದ್ಹೌದು” ಅಂದರು. ನಾನೂ ಅಂದೆ. ಸಾಲು ಬರೆದವನು ನಾನೇ, ಆದರೆ ಅದರ ಅರ್ಥ ನನಗೆ ಆವತ್ತೇ ತಿಳಿದಂತಾಗಿ ಕೈಮುಗಿದು ಎದ್ದು ಬಂದೆ. ಮರುದಿನ ಬರೆದೆ: ‘ಪಾಲಯ್ಯನವರನ್ನು ಕೆಂಚನಗುಡ್ಡದಲ್ಲಿ ಕೂಡಿಹಾಕಲಾಗಿದೆ ಎಂದು ಬಲ್ಲವರು ತಿಳಿಸಿದ್ದಾರೆ.’ ಉಜ್ಜಿನಪ್ಪನವರಿಗಿಂತ ಬಲ್ಲವರು ನನಗೆ ಯಾರಿದ್ದರು?

ಅದು ಅಚ್ಚಾದ ದಿನ ಪಾಲಯ್ಯನ ಹೆಂಡತಿ ದುರುಗಮ್ಮ ನನ್ನ ಕೋಣೆಗೆ ಬಂದಳು. ಕಾಲಲ್ಲಿ ಗದ್ದೆಯ ಕೆಸರು, ಕೈಯಲ್ಲಿ ರೊಟ್ಟಿಗಂಟು.

“ನೀವೇನ್ರಿ ಪೇಪರ್‌ನೋರು? ನಡೀರಿ, ತೋರಸ್ರಿ.”

“ನಾ ಕಣ್ಣಿಲೆ ನೋಡಿಲ್ಲಮ್ಮ.”

“ನೋಡದಂಗ ಬರದ್ರೇನು? ನಮ್ಮ ಎತ್ತು ಸುದ್ದ ನೋಡಿ ಕಾಲಿಡತೈತಿ!”

ಇಬ್ಬರೂ ಕೆಂಚನಗುಡ್ಡದ ಕೋಟೆಗೆ ಹೋದೆವು. ಹೊಳೆ ತುಂಬಿ ಹರಿಯುತ್ತಿತ್ತು. ಬಿದ್ದ ಗೋಡೆಗಳ ನಡುವೆ ಆಡುಗಳು ಮೇಯುತ್ತಿದ್ದವು. ಎಂದೂ ಗಂಡನ ಹೆಸರು ಹಿಡಿಯದ ಹೆಂಗಸು ಅಲ್ಲಿ ನಿಂತು ಕೂಗಿದಳು: “ಏ ಪಾಲಯ್ಯಾ! ರೊಟ್ಟಿ ತಂದೀನಿ, ಬಾರಲೇ!” ಆಡು ಕಾಯುವವನು ನಕ್ಕ. ಬೇರೆ ಯಾರೂ ಓಗೊಡಲಿಲ್ಲ.

ಆಕೆ ಕಲ್ಲಿನ ಮೇಲೆ ಕೂತಳು. “ಯಾರರ ಎಳಕೊಂಡು ಹೋಗಿದ್ರ ನಾ ತಡ್ಕೊಂತೀನ್ರಿ. ಆದ್ರ ಹೋಗೋ ಮುಂದ ಹೊಸಾ ಅಂಗಿ ಹಾಕ್ಕೊಂಡಿದ್ದ. ತಾನಾ ಹೋದನೋ, ಒಯ್ದರೋ? ಅಷ್ಟು ತಿಳದ್ರ ಸಾಕು ನಂಗ.”

ಚುನಾವಣೆಯ ದಿನ ಪಾಲಯ್ಯ ಜೀಪಿನಿಂದ ಇಳಿದ. ಒಳಗೆ ಹೋಗಿ, ಅಲ್ಲಿಯವರೆಗೂ ಬೈಯುತ್ತಿದ್ದ ಪಾರ್ಟಿಗೇ ಕೈಯೆತ್ತಿದ. ಹೊರಗೆ ಜನ ಮುತ್ತಿದಾಗ ಅಳತೊಡಗಿದ. “ಏನ್ ಮಾಡ್ಲಿ? ಕೆಂಚನಗುಡ್ಡದಾಗ ಕೂಡಿ ಹಾಕಿದ್ರು. ಪೇಪರ್‌ನಾಗ ಬಂದೈತಲ್ಲ, ಎಲ್ಲಾ ಖರೇ!” ನನ್ನನ್ನು ಕಂಡು ಕೈಮುಗಿದ. “ಈ ಪುಣ್ಯಾತ್ಮ ಬರೀಲಿಲ್ಲಂದ್ರ ನಾ ಇಷ್ಟೊತ್ತಿಗೆ ಹೊಳಿ ಪಾಲು.”

ನಾವು ಹೋದಾಗ ಇವನು ಇನ್ನೊಂದು ಗೋಡೆಯ ಹಿಂದೆ ಇದ್ದನೇ? ಹೆಂಡತಿಯ ಕೂಗು ಕೇಳಿಯೂ ಸುಮ್ಮನಿದ್ದನೇ? ಅಥವಾ ನನ್ನ ಸಾಲನ್ನು ಕೊಡೆಯ ಹಾಗೆ ಹಿಡಿದು ನಿಂತಿದ್ದಾನೆಯೇ? ಉಜ್ಜಿನಪ್ಪನವರ ಅರ್ಥ ಮೊದಲೇ ನಿಜವಾಗಿತ್ತೋ, ನಾನು ಬರೆದ ಮೇಲೆ ನಿಜವಾಯಿತೋ?

ಪೋಸ್ಟಾಫೀಸಿನಿಂದ ಬಳ್ಳಾರಿಗೆ ಟ್ರಂಕ್ ಕಾಲ್ ಹಾಕಿದೆ. ಸಂಪಾದಕ ಎರ್ರಣ್ಣ ಉಬ್ಬಿಹೋಗಿದ್ದ.

“ಏಮಯ್ಯಾ ಚಿದಾನಂದಪ್ಪ, ಹೊಡದಿ ನೋಡು! ನಿನ್ನ ಸುದ್ದಿ ಖರೇ ಆತು. ಮುಂದಿಂದು ಹೇಳು, ಬರ್ಕೊಂತೀನಿ.”

“ಖರೇ ಅಂತ ಹೇಳಾಕ ಬರೋದಿಲ್ರಿ.”

“ಸುಳ್ಳಂತ ಹಾಕ್ಲೇನು?”

“ಸುಳ್ಳಂತನೂ ಗೊತ್ತಿಲ್ರಿ.”

“ಹಂಗಾರ ಹೆಸರು ಬದಲಿ ಮಾಡಿ ಕಾದಂಬರಿ ಬರಕೊಂಡು ಕುಂದರು ಹೋಗಲೇ!” ಅಂದು ಫೋನ್ ಇಟ್ಟ.

ಅವನು ಬೈದದ್ದು. ನನಗೆ ಅದು ಅಪ್ಪಣೆಯಾಗಿ ಕೇಳಿಸಿತು.

ಕೋಣೆಗೆ ಬಂದು ಕೂತೆ. ಮನುಷ್ಯನಿಗೆ ಬೇರೆ ಹೆಸರಿಟ್ಟೆ, ಹೊಳೆಗೆ ಹೆಸರೇ ಇಡಲಿಲ್ಲ. ‘ಅವನು ಜೀಪು ಹತ್ತಿದ’ ಎಂದು ಬರೆದೆ. ಹೊಡೆದುಹಾಕಿ ‘ಅವನನ್ನು ಜೀಪಿಗೆ ಹತ್ತಿಸಿದರು’ ಎಂದು ಬರೆದೆ. ಎರಡೂ ಸರಿ ಅನ್ನಿಸಿತು. ಅಷ್ಟರಲ್ಲಿ ದುರುಗಮ್ಮ ಬಂದು ಬಾಗಿಲಲ್ಲಿ ನಿಂತಳು.

“ಏನು ಬರೀತೀರಿ?”

“ಕತಿ. ಒಬ್ಬಾತ ಕಾಣೆಯಾಗಿ ತಿರುಗಿ ಬಂದದ್ದು.”

“ಅವನ ಹೇಣ್ತಿ ಅದಾಳೇನು ಅದ್ರಾಗ?”

“ಅದಾಳ.”

“ಮನಿಗೆ ಬಂದ ಮ್ಯಾಲ ಕೇಳ್ತಾಳೇನು ಅವನ್ನ?”

“ನೀವು ಕೇಳಿದ್ರೇನಮ್ಮ?”

“ಇಲ್ರಿ. ಉಣ್ಣಾಕ ನೀಡಿದೆ. ಉಂಡು ಮಲಕ್ಕೊಂಡಾನ. ಕೇಳಿದ್ರ ಏನರ ಒಂದು ಹೇಳ್ತಾನ. ಅದು ಖರೇನೋ ಸುಳ್ಳೋ ಅಂತ ಮತ್ತ ಯಾರನ್ನ ಕೇಳಾಕ ಹೋಗ್ಲಿ?” ಆಕೆ ಹೊಸ್ತಿಲ ಮೇಲೆ ಕೂತಳು. “ಮೊದ್ಲು ನಿಮ್ಮ ಕತಿಯಾಗಿನ ಆಕಿ ಕೇಳ್ಲಿ. ಅವನ ಮಾರಿ ಹೆಂಗಾಕ್ಕೈತಿ ಅಂತ ಬರೀರಿ. ಕೇಳ್ಕೊಂಡು ಮನಿಗೆ ಹೋಗ್ತೀನಿ.”

ಆಕೆ ಕಾಯುತ್ತಿದ್ದಳು. ‘ನೀನು ಎಲ್ಲಿದ್ದಿ?’ ಎಂದು ಹೆಂಡತಿ ಕೇಳಿದಳು, ಎಂದು ಬರೆದೆ. ಮುಂದಿನ ಸಾಲಿಗೆ ಪೆನ್ನು ಇಟ್ಟೆ. ಆ ಮನುಷ್ಯ ಬಾಯಿ ತೆರೆಯುತ್ತಾನೋ ಇಲ್ಲವೋ, ನನಗೂ ಗೊತ್ತಿರಲಿಲ್ಲ.