ಪ್ಲಾನಿನಲ್ಲಿ ಇಲ್ಲದ ಕಿಟಕಿ

ಸಿಡುಕ ಅನ್ನುವ ಹೆಸರಿಟ್ಟವಳು ಅವನ ಅಕ್ಕ. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹಂಚಿದವನು ಅವಳ ಗಂಡ. ಹೆಸರಿಗೆ ಒಂದಿಷ್ಟೂ ಕುಂದು ಬಾರದಂತೆ ನಡೆದುಕೊಂಡು ಬಂದವನು ಮಾತ್ರ ಇವನೇ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಕೂತ್ಕೋ ಅಂದರು, ಇವನಿಂದ ಕೂರಲು ಆಗಲಿಲ್ಲ. ಎದ್ದವನು ಶಾಲೆಯ ಗೇಟು ದಾಟಿ ಭಾವನ ನರ್ಸರಿಯಲ್ಲಿ ಬಂದು ನಿಂತ. ಆಮೇಲಿನ ಒಂಬತ್ತು ವರ್ಷ ನಿಂತೇ ಇದ್ದಾನೆ.

ಮನೆ ಮುಂದೆ ತೋಟ ಮಾಡಿಕೊಡುವುದು ಭಾವನ ಕೆಲಸ. ಪ್ಲಾನು ಬರೆಯುವವರು ಬೇರೆ, ಅವರಿಗೆ ಆಫೀಸಿದೆ, ತಣ್ಣಗೆ ಗಾಳಿ ಬಿಡುವ ಯಂತ್ರವಿದೆ, ಬೂಟಿಗೆ ಮಣ್ಣು ತಾಗಿದ ಗುರುತಿಲ್ಲ. ಅವರು ಬಣ್ಣಬಣ್ಣದ ಹಾಳೆ ಕಳಿಸುತ್ತಾರೆ, ಸಿಡುಕ ಅದನ್ನು ನೆಲದ ಮೇಲೆ ಇಳಿಸುತ್ತಾನೆ. ಇಳಿಸುವಾಗ ಬಾಯಿ ಸುಮ್ಮನಿರುವುದಿಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ಗುಲಾಬಿ ಬೇಕು ಅಂದ ಯಜಮಾನರಿಗೆ, "ಗುಲಾಬಿ ಯಾಕೆ ಸಾರ್, ಅಣಬೆ ಹಾಕ್ಕೊಳ್ಳಿ, ಚೆನ್ನಾಗಿ ಬರುತ್ತೆ" ಅಂದಿದ್ದ. ಇನ್ನೊಂದು ಮನೆಯಲ್ಲಿ ಗಿಡಗಳ ನಡುವೆ ಪ್ಲಾಸ್ಟಿಕ್ ಹೂ ಸಿಕ್ಕಿಸಿದ್ದರು, ಅವನ್ನು ಕಿತ್ತು ಯಜಮಾನಿತಿಯ ಕೈಗೇ ಕೊಟ್ಟು, "ಇದಕ್ಕೆ ನೀರು ನೀವೇ ಹಾಕಿ" ಅಂದಿದ್ದ. ಒಂದೇ ವರ್ಷದಲ್ಲಿ ಮೂರು ಮನೆಯವರು ಭಾವನಿಗೆ ಫೋನು ಮಾಡಿ, ಆ ಹುಡುಗನನ್ನು ಇನ್ನು ಕಳಿಸಬೇಡಿ ಅಂದರು.

ನಾಲ್ಕನೆಯದು ಹಲ್ಲಿನ ಡಾಕ್ಟರ ಮನೆ. ಹಾಳೆ ಕೈಗೆ ಕೊಡುವಾಗ ಭಾವ ಗಾಡಿಯ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತ ನಿಂತ.

"ನೋಡಪ್ಪಾ, ಇದೊಂದು ತೋಟ ಬಾಯಿಗೆ ಬೀಗ ಹಾಕ್ಕೊಂಡು ಮುಗ್ಸು. ಮುಂದಿನ ತಿಂಗಳಿಂದ ಗಾಡಿ ನಿಂದು. ಅಳತೆ ನಿಂದು, ಪ್ಲಾನು ನಿಂದು. ನಾನು ಕೇಳೋಕೂ ಬರಲ್ಲ."

"ಬಾಯಿ ಬಿಟ್ರೆ?"

"ಗೊಬ್ಬರ ಮಣ್ಣು ಕಲಸಿ ಸಸಿ ಚೀಲ ತುಂಬ್ತಾ ಕೂತಿರು. ಚೀಲದ ಜೊತೆ ಎಷ್ಟು ಬೇಕಾದ್ರೂ ಜಗಳ ಆಡು, ಅವು ಫೋನ್ ಮಾಡಲ್ಲ."

ಸಿಡುಕ ನಗಲಿಲ್ಲ. ಗಾಡಿಯ ಆಸೆ ಅವನಿಗೆ ಅಷ್ಟಿರಲಿಲ್ಲ. ತಾನೇ ಬರೆದ ಪ್ಲಾನೊಂದು ನೆಲದ ಮೇಲೆ ಇಳಿಯಬೇಕು ಅನ್ನುವುದು ಮೂರು ವರ್ಷದಿಂದ ಅವನ ಎದೆಯೊಳಗೆ ಗೂಡು ಕಟ್ಟಿತ್ತು. ಹಾಸಿಗೆಯ ಕೆಳಗೆ ಅಂಥ ಹನ್ನೊಂದು ಹಾಳೆ ಮಡಚಿಟ್ಟಿದ್ದ, ಒಂದನ್ನೂ ಯಾರಿಗೂ ತೋರಿಸಿರಲಿಲ್ಲ.

ಮೊದಲ ದಿನ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ. ಗೇಟಿನಿಂದ ಬಾಗಿಲವರೆಗೆ ಬಾಗಿಕೊಂಡು ಹೋಗುವ ಕಾಲುದಾರಿ. ಅದರ ಎಡಕ್ಕೆ ಪರಿಮಳದ ಭಾಗ, ಮಲ್ಲಿಗೆ, ಸುಗಂಧರಾಜ. ಬಲಕ್ಕೆ ಚಿಟ್ಟೆಗಳ ಭಾಗ, ಜೇನಿರುವ ಸಣ್ಣ ಹೂಗಳ ಪೊದೆ. ಮೂಲೆಯಲ್ಲಿ ಕಲ್ಲು ಮತ್ತು ಕಳ್ಳಿ. ರಸ್ತೆಯ ಬದಿಗೆ, ಡಾಕ್ಟರ ಹೆಸರಿನ ಬೋರ್ಡು ನಿಂತ ಕಡೆ, ಬರೀ ಬಿಳಿ ಹೂವಿನ ಭಾಗ. ಕೊನೆಗೆ ಮನೆಯ ಗೋಡೆಗೆ ಅಂಟಿಕೊಂಡಂತೆ ಏಳು ಹಸಿರು ವೃತ್ತ, ಎತ್ತರದ ಬಿದಿರು.

ಹಾಳೆಯ ಮೇಲೆ ಎಲ್ಲವೂ ವೃತ್ತವೇ. ಕಳ್ಳಿಯೂ ವೃತ್ತ, ಬಿದಿರೂ ವೃತ್ತ. ಮನೆ ಒಂದು ಬೂದು ಚೌಕ. ಅದಕ್ಕೆ ಬಾಗಿಲೊಂದನ್ನು ಬಿಟ್ಟು ಏನೂ ಇರಲಿಲ್ಲ. ಆಕಾಶದಿಂದ ನೋಡಿದ ಹಾಗೆ ಬರೆಯುತ್ತಾರೆ ಇವರು, ತೋಟಕ್ಕೆ ಬರುವವರೆಲ್ಲ ಹದ್ದುಗಳು ಅಂದುಕೊಂಡಿರಬೇಕು. ಇದನ್ನು ಯಾರಿಗಾದರೂ ಹೇಳಬೇಕು ಅಂತ ನಾಲಿಗೆ ತುರಿಸಿತು. ಸುಣ್ಣದ ಡಬ್ಬಿಯನ್ನು ನೆಲಕ್ಕೆ ಕುಕ್ಕಿ ಸುಮ್ಮನಾದ.

"ಏನಪ್ಪಾ ಸುಣ್ಣದ ರಾಯಾ, ಡಬ್ಬಿ ಮೇಲೆ ಯಾಕೆ ಸಿಟ್ಟು?"

ಮಾತು ಗೋಡೆಯ ಒಳಗಿಂದ ಬಂತು. ತಿರುಗಿ ನೋಡಿದರೆ ಕಿಟಕಿ. ಕಿಟಕಿಯ ಹಿಂದೆ ಹೊಲಿಗೆ ಮಿಷನ್ನು. ಅದರ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬಳು, ಕೊರಳಲ್ಲಿ ಅಳತೆ ಟೇಪು, ತುಟಿಯ ನಡುವೆ ಎರಡು ಗುಂಡುಸೂಜಿ. ಡಾಕ್ಟರ ಅಕ್ಕ. ಮಂಡಿ ಹಿಡಿದು ಓಡಾಟ ಕಡಿಮೆಯಾದ ಮೇಲೆ ಪೇಟೆಯ ಅಂಗಡಿ ಮುಚ್ಚಿ, ತಮ್ಮನ ಮನೆಯ ಈ ಮುಂಭಾಗದ ಕೋಣೆಗೆ ಮಿಷನ್ನು ತಂದುಕೊಂಡಿದ್ದಳು.

"ಸಿಟ್ಟೇನಿಲ್ಲಕ್ಕಾ."

"ಹಂಗಾದ್ರೆ ಡಬ್ಬಿಗೆ ಹೇಳು, ಹೆದರ್ಕೊಂಡಿದೆ."

ಅವಳು ಮತ್ತೆ ಕಾಲು ಒತ್ತಿದಳು. ಮಿಷನ್ನು ಟರ್ರನೆ ಹೊರಟಿತು. ಕಪ್ಪು ಬಟ್ಟೆಗೆ ಕಪ್ಪು ದಾರದ ಹೊಲಿಗೆ. ವಕೀಲರ ಕೋಟು ಅಂದಳು, ಆರು ಕೋಟು ಇವೆ, ವಾರದಲ್ಲಿ ಕೊಡಬೇಕು. ಅಂದು ಸಂಜೆಯವರೆಗೂ ಆ ಸದ್ದಿಗೆ ಅವನ ಗುದ್ದಲಿ ತಾಳ ಹಾಕಿತು. ಮಿಷನ್ನು ನಿಂತರೆ ಇವನೂ ನಿಲ್ಲುತ್ತಿದ್ದ, ಯಾಕೆ ಅಂತ ಅವನಿಗೇ ತಿಳಿಯದು. ಒಂದೇ ಕಡೆ ಹತ್ತು ನಿಮಿಷ ನಿಲ್ಲಲಾರದ ಅವನ ಕಾಲುಗಳಿಗೆ ಆ ಸದ್ದು ಒಂದು ಕಂಬದ ಹಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಬಿದಿರು ಬಂತು. ಒಂದೊಂದೂ ಇವನ ಎರಡರಷ್ಟು ಎತ್ತರ, ದಟ್ಟ ಎಲೆ. ನೆಡುವ ಮೊದಲು ಚೀಲದ ಸಮೇತ ಗುರುತಿನ ಮೇಲೆ ನಿಲ್ಲಿಸಿ ನೋಡುವುದು ಅವನ ಪದ್ಧತಿ. ಏಳನ್ನೂ ಗೋಡೆಯ ಉದ್ದಕ್ಕೆ ಸಾಲಾಗಿ ನಿಲ್ಲಿಸಿದ. ಐದನೆಯದನ್ನು ನಿಲ್ಲಿಸಿದಾಗ ಮಿಷನ್ನು ನಿಂತಿತು.

"ಮೋಡ ಆಯ್ತೇನಪ್ಪಾ?"

ಸಿಡುಕ ಎಲೆಗಳನ್ನು ಸರಿಸಿ ಒಳಗೆ ನೋಡಿದ. ಸೂಜಿಯ ಕಣ್ಣಿಗೆ ದಾರ ಪೋಣಿಸಲು ಅವಳು ಕೈಯನ್ನು ಅತ್ತ ಇತ್ತ, ಬೆಳಕು ಸಿಗುವ ಕಡೆ ತಿರುಗಿಸುತ್ತಿದ್ದಳು. ಎಲ್ಲೂ ಸಿಗಲಿಲ್ಲ.

"ಮೋಡ ಅಲ್ಲಕ್ಕಾ. ಬಿದಿರು."

"ಓ." ದಾರವನ್ನು ಕೆಳಗಿಟ್ಟಳು. "ಇರ್ಲಿ ಬಿಡು. ಲೈಟ್ ಹಾಕ್ಕೋತೀನಿ."

ಲೈಟು ಹಾಕಿದಳು. ಆ ಹಳದಿ ಬೆಳಕಿನಲ್ಲಿ ಕಪ್ಪು ಬಟ್ಟೆಯೂ ಕಪ್ಪು ದಾರವೂ ಒಂದೇ ಆದವು. ಎರಡು ಗೇಣು ಹೊಲಿದಳು, ಬಿಚ್ಚಿದಳು. ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು.

"ಡಾಕ್ಟ್ರಿಗೆ ಹೇಳಕ್ಕಾ."

"ಏನಂತ ಹೇಳ್ಲಿ? ಇರೋಕೆ ಕೋಣೆ ಕೊಟ್ಟಿದಾನೆ. ಬೆಳಕೂ ಕೊಡು ಅನ್ಲಾ?"

ಸಿಡುಕನ ಮೈಯೆಲ್ಲ ಉರಿಯಿತು. ಹಿತ್ತಲಿಗೆ ಹೋಗಿ ಭಾವನಿಗೆ ಫೋನು ಹಚ್ಚಿದ.

"ಪ್ಲಾನು ತಪ್ಪಿದೆ ಭಾವ. ಕಿಟಕಿ ಮುಚ್ಚಿ ಹೋಗುತ್ತೆ. ಬಿಳಿ ಹೂವನ್ನ ಗೋಡೆ ಹತ್ರ ತಂದು ಬಿದಿರನ್ನ ರಸ್ತೆ ಕಡೆ..."

"ಬಾಯಿ ಬಿಟ್ಯಾ?"

"ಇನ್ನೂ ಇಲ್ಲ."

"ಹಂಗೇ ಇಟ್ಕೋ. ಹಾಳೆಯಲ್ಲಿದ್ದಂಗೆ ನೆಡು. ಗುಂಡಿ ತೆಗಿಯೋನು ನೀನು, ಗುಂಡಿಗೆ ಬೀಳೋನೂ ನೀನೇ ಆಗ್ಬೇಡ."

ಫೋನು ಇಟ್ಟವನು ಗುದ್ದಲಿ ಎತ್ತಿಕೊಂಡ. ಮೊದಲ ಗುಂಡಿ ತೆಗೆದ, ಎರಡನೆಯದನ್ನೂ ತೆಗೆದ. ಮೂರನೆಯದು ಕಿಟಕಿಯ ನೇರಕ್ಕೆ ಬರುತ್ತಿತ್ತು. ಅಲ್ಲಿ ಗುದ್ದಲಿ ಎತ್ತಿದವನು ಇಳಿಸಲಿಲ್ಲ. ಅಲ್ಲಿಂದ ಗೇಟಿಗೆ ನಡೆದ, ಗೇಟಿನಿಂದ ಕಿಟಕಿಗೆ ಬಂದ, ಮತ್ತೆ ಗೇಟಿಗೆ ಹೋದ. ಬೂಟಿನ ಕೆಳಗೆ ನಿನ್ನೆಯ ಸುಣ್ಣದ ಗೆರೆಗಳು ಅಳಿಸಿ, ಪರಿಮಳವೂ ಚಿಟ್ಟೆಯೂ ಕಲೆತು ಒಂದಾದವು. ಗಾಡಿ, ಅಳತೆ, ಹಾಸಿಗೆಯ ಕೆಳಗಿನ ಹನ್ನೊಂದು ಹಾಳೆ. ಇನ್ನು ಎರಡೇ ದಿನ. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದರೆ ಮುಗಿಯಿತು.

ಮಧ್ಯಾಹ್ನ ಎರಡಕ್ಕೆ ಡಾಕ್ಟರು ಊಟಕ್ಕೆ ಬಂದರು. ಬಿಳಿ ಕೋಟು, ಅಚ್ಚುಕಟ್ಟಾದ ಮೀಸೆ. ಸಾಲಾಗಿ ನಿಂತ ಬಿದಿರು ನೋಡಿ ಮುಖ ಅರಳಿತು.

"ಚೆನ್ನಾಗಿದೆ. ಇನ್ನೂ ಯಾಕೆ ನೆಟ್ಟಿಲ್ಲ?"

ಸಿಡುಕ ನೆಲ ನೋಡುತ್ತ ನಿಂತ. ಮಾತು ಗಂಟಲಿಗೆ ಬಂದಿತ್ತು. ನುಂಗಿದ. ಅದು ಮತ್ತೆ ಬಂತು.

"ಡಾಕ್ಟ್ರೇ, ನೀವು ಯಾರದ್ದಾದ್ರೂ ಬಾಯೊಳಗೆ ನೋಡುವಾಗ ಲೈಟಿಗೆ ಅಡ್ಡ ಏಳು ಜನ ನಿಂತ್ಕೊಂಡ್ರೆ ಹೆಂಗಿರುತ್ತೆ?"

"ಏನು?"

"ಒಳಗೆ ಅಕ್ಕ ಹೊಲೀತಿದಾರೆ. ಬೆಳಕು ಹೋಯ್ತು. ಪ್ಲಾನ್ ಬರ್ದೋರಿಗೆ ಅಲ್ಲೊಂದು ಕಿಟಕಿ ಇದೆ ಅಂತ ಗೊತ್ತಿಲ್ಲ. ಅದಕ್ಕೆ ಹೇಳ್ದೆ."

ಡಾಕ್ಟರು ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಪ್ಲಾನ್ ಬರ್ದೋರಿಗೆ ಬಿದಿರು ಹಾಕಿ ಅಂದಿದ್ದೇ ನಾನು. ಕಿಟಕಿಗೋಸ್ಕರಾನೇ. ಡಾಕ್ಟ್ರ ಮನೆ ಇದು, ನೋಡಪ್ಪಾ. ಗೇಟು ತೆಗೆದ ತಕ್ಷಣ ಮಿಷನ್ನು, ಬಟ್ಟೆ ಚೂರು... ಬಂದೋರು ಏನಂದ್ಕೋತಾರೆ? ಅವಳಿಗೇನು, ಲೈಟ್ ಇದೆ, ಫ್ಯಾನ್ ಇದೆ."

ಬೆಳಗಿನಿಂದ ಸಿಡುಕ ಇದು ಪ್ಲಾನು ಬರೆದ ಯಾರೋ ಬೂಟಿನವನ ತಪ್ಪು ಅಂದುಕೊಂಡು ಅವನ ಮೇಲೆ ಹಲ್ಲು ಕಡಿಯುತ್ತಿದ್ದ. ತಪ್ಪು ಆಗಿಯೇ ಇರಲಿಲ್ಲ. ಹಾಳೆ ಸರಿಯಾಗಿಯೇ ಇತ್ತು, ಹೇಗಿರಬೇಕೋ ಹಾಗೆಯೇ. ಇವನ ಕೈಯಿಂದ ನೆಡಿಸುತ್ತಿದ್ದದ್ದು ಗಿಡವಲ್ಲ, ಪರದೆ.

"ನಾನು ನೆಡಲ್ಲ" ಅಂದ. ದನಿ ಏರಿರಲಿಲ್ಲ, ಅದು ಅವನಿಗೇ ಹೊಸದು. "ಗಿಡ ನೆಡೋಕೆ ಬಂದಿದೀನಿ. ನಿಮ್ಮ ಅಕ್ಕನ್ನ ಮುಚ್ಚಿಡೋದು ನನ್ನ ಕೆಲಸ ಅಲ್ಲ. ನಿಮಗೆ ಅಷ್ಟು ನಾಚಿಕೆ ಇದ್ರೆ ಗುದ್ದಲಿ ಇಲ್ಲಿದೆ, ನೀವೇ ನೆಟ್ಕೊಳ್ಳಿ."

ಡಾಕ್ಟರು ಆಗಲೇ ಫೋನು ಕಿವಿಗೆ ಇಟ್ಟಿದ್ದರು. ಎಲೆಗಳ ಹಿಂದೆ ಕಿಟಕಿ ತೆರೆದೇ ಇದೆ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಭಾವ ಗಾಡಿ ತಂದು ನಿಲ್ಲಿಸುವ ಹೊತ್ತಿಗೆ ಡಾಕ್ಟರ ಅಕ್ಕ ಹೊರಗೆ ಬಂದಿದ್ದಳು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ತಮ್ಮನ ಮುಖವನ್ನೂ ನೋಡದೆ ಕಿಟಕಿಯ ಕೆಳಗೆ ಹೋಗಿ, ಕೊರಳ ಟೇಪು ತೆಗೆದು, ಒಂದು ತುದಿಯನ್ನು ಕಿಟಕಿಯ ಕೆಳ ಅಂಚಿಗೆ ಹಿಡಿದು ಇನ್ನೊಂದನ್ನು ನೆಲಕ್ಕೆ ಬಿಟ್ಟಳು, ಲಂಗದ ಉದ್ದ ನೋಡುವ ಹಾಗೆ.

"ಮೂವತ್ತೊಂದು ಇಂಚು" ಅಂದಳು ಸಿಡುಕನಿಗೆ. "ಇಷ್ಟರೊಳಗೆ ನಿಲ್ಲೋ ಗಿಡ ಏನಿದೆ?"

"ಬಿಳಿ ಸೇವಂತಿಗೆ, ಅಕ್ಕಾ. ಕೆಳಗೆ ಬಿಳಿ ಜಲ್ಲಿ ಹಾಕಿದ್ರೆ ಇನ್ನಷ್ಟು ಬೆಳಕು ಒಳಕ್ಕೆ ಬರುತ್ತೆ."

"ಅದನ್ನೇ ಹಾಕು."

"ಅಕ್ಕ, ಒಳಗೆ ಹೋಗು, ಆಮೇಲೆ ಮಾತಾಡೋಣ" ಅಂದರು ಡಾಕ್ಟರು.

"ನೀನು ಮಾತಾಡಿದ್ದಾಯ್ತಲ್ಲೋ. ಕೇಳಿಸ್ತು ನಂಗೆ." ಅವಳು ಟೇಪು ಸುತ್ತಿದಳು. "ಈ ಕಿಟಕಿ ಕಂಡ್ರೆ ತಾನೇ ನಾನಿದೀನಿ ಅಂತ ನಾಲ್ಕು ಜನ ಬಟ್ಟೆ ತಗೊಂಡು ಬರೋದು? ಕಾಣ್ಬಾರ್ದು ಅಂದ್ರೆ ಹೇಳು, ಮಿಷನ್ ಎತ್ಕೊಂಡು ಪೇಟೆಗೆ ಹೋಗ್ತೀನಿ, ಮಂಡಿ ನಂದೇ ತಾನೆ. ಇಲ್ಲಾ ಅಂದ್ರೆ ಬಿದಿರು ಹೋಗ್ಲಿ. ಎರಡ್ರಲ್ಲಿ ಒಂದು ಆರಿಸ್ಕೋ. ಮತ್ತೆ ಆ ಮೈ ಮೇಲಿರೋ ಕೋಟು ಎಲ್ಲಿ ಹೊಲ್ದಿದ್ದು ಅಂತ ನೆನಪಿದೆ ತಾನೆ? ಇನ್ನೆರಡು ಬಾಕಿ ಇದೆ. ಕತ್ಲಲ್ಲಿ ಹೊಲ್ದು ಒಂದು ತೋಳು ಗಿಡ್ಡ ಬಂದ್ರೆ ನನ್ನ ಕೇಳ್ಬೇಡ, ಬಿದಿರನ್ನ ಕೇಳು."

ಭಾವ ಮುಖ ತಿರುಗಿಸಿ ಕೆಮ್ಮಿದ. ಡಾಕ್ಟರು ತಮ್ಮ ಎರಡು ತೋಳನ್ನೂ ನೋಡಿಕೊಂಡರು. ಆಮೇಲೆ ಯಾರಿಗೂ ಅಲ್ಲದ ಹಾಗೆ, "ತೆಗೀರಿ" ಅಂದು ಒಳಗೆ ಹೋದರು. ಊಟ ಮಾಡಿದರೋ ಇಲ್ಲವೋ, ಹತ್ತು ನಿಮಿಷಕ್ಕೆಲ್ಲ ವಾಪಸು ಕ್ಲಿನಿಕ್ಕಿಗೆ ಹೊರಟರು. ಗೇಟು ದಾಟುವಾಗ ಸಿಡುಕನ ಕಡೆ ಬೆರಳು ತೋರಿಸಿ ಭಾವನಿಗೆ ಹೇಳಿದರು, "ಇವನು ನಾಳೆಯಿಂದ ಬರೋದು ಬೇಡ."

ಮಿಷನ್ನು ಮತ್ತೆ ಶುರುವಾಯಿತು. ಭಾವ ಬಿದಿರನ್ನು ಗಾಡಿಗೆ ಏರಿಸಿದ. ಸಿಡುಕ ಅಳಿಸಿಹೋದ ಗೆರೆಗಳನ್ನು ಅವಸರವಸರವಾಗಿ ಮತ್ತೆ ಹಾಕಿದ. ನಾಳೆ ಬರುವವನು ತಪ್ಪಬಾರದು ಅಂತ ಕಿಟಕಿಯ ಕೆಳಗೆ ಸುಣ್ಣದಲ್ಲಿ ಮೂವತ್ತೊಂದು ಅಂತ ದೊಡ್ಡದಾಗಿ ಬರೆದ.

ಗಾಡಿಯಲ್ಲಿ ಕೂತ ಮೇಲೂ ಅವನ ಮೊಣಕಾಲು ಕುಣಿಯುತ್ತಲೇ ಇತ್ತು.

"ಕೀಲಿ ಹೋಯ್ತು ಅಲ್ವಾ ಭಾವ?"

"ಹೋಯ್ತು."

"ಚೀಲ ತುಂಬೋದೇ?"

"ಮಾತು ಅಂದ್ರೆ ಮಾತು. ಒಂದು ವರ್ಷ." ಭಾವ ಗೇರು ಬದಲಿಸಿದ. "ಆ ಡಾಕ್ಟ್ರು ಇನ್ನು ನಾಲ್ಕು ಜನಕ್ಕೆ ಹೇಳ್ತಾನೆ. ನಾನು ಎಲ್ಲಿಗೆ ಹೋಗಿ ಮುಖ ತೋರಿಸ್ಲಿ? ನಿನ್ನ ಹೊಟ್ಟೆಗಾದ್ರೆ ನಿನ್ನ ಸಿಟ್ಟು ಸಾಕು. ನಂಗೆ ಸಾಕಾಗಲ್ಲ."

ಹಿಂದೆ ಬಿದಿರಿನ ಎಲೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಎರಡು ತಿರುವು ದಾಟಿದ ಮೇಲೆ ಭಾವ ಹೊಸ ಮನೆಯೊಂದರ ಮುಂದೆ ಗಾಡಿ ನಿಲ್ಲಿಸಿದ. ಸೀಟಿನ ಹಿಂದಿನಿಂದ ಸುರುಳಿ ಹಾಳೆ ಎಳೆದು ಇವನ ತೊಡೆಯ ಮೇಲೆ ಎಸೆದ. ಬಣ್ಣಬಣ್ಣದ ವೃತ್ತಗಳು. ನಡುವೆ ಬೂದು ಚೌಕ.

"ಇಲ್ಲಿ ಮುಂದಿನ ವಾರ ಶುರು ಮಾಡ್ಬೇಕು. ಚೀಲ ನಾಳೆಯಿಂದ. ಈಗ ಇಳಿ, ಬಾಯಿ ಬಿಡದೆ ಮನೆ ಸುತ್ತ ಒಂದು ಸಲ ಹೋಗಿ, ಕಿಟಕಿ ಎಲ್ಲೆಲ್ಲಿದೆ ಅಂತ ಈ ಚೌಕದ ಮೇಲೆ ಗುರುತು ಹಾಕ್ಕೊಂಡು ಬಾ."

"ಪೆನ್ಸಿಲ್?"

"ಕಿವಿ ಮೇಲಿದೆಯಲ್ಲೋ."

ಸಿಡುಕ ಇಳಿದ. ಗೇಟಿನಲ್ಲಿ ಯಾರೋ ಏನು ಬೇಕು ಅಂದರು, ಅವನು ಹಾಳೆ ತೋರಿಸಿದ, ಅಷ್ಟೆ. ಮುಂಭಾಗದಲ್ಲಿ ಮೂರು ಕಿಟಕಿ. ಎರಡು ಮುಚ್ಚಿದ್ದವು, ಅವಕ್ಕೆ ಒಂದೊಂದು ಗೆರೆ ಎಳೆದ. ಮೂರನೆಯದರ ಹಿಂದೆ ಒಬ್ಬ ಮುದುಕ ರೇಡಿಯೋ ಬಿಚ್ಚಿಕೊಂಡು ಕೂತಿದ್ದ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಸಣ್ಣ ತಿರುಪುಳಿ. ಹಾಳೆಯಲ್ಲಿ ಸರಿಯಾಗಿ ಅದರ ಮುಂದೆಯೇ ದೊಡ್ಡದೊಂದು ಹಸಿರು ವೃತ್ತ.

ಸಿಡುಕ ಭಾವನ ಕಡೆ ತಿರುಗಿ ನೋಡಿದ. ಭಾವ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ.