ಎರಡು ಕಡೆ ತಡವರಿಸು

ಬೆಳಿಗ್ಗೆ ಹತ್ತೂಕಾಲಿಗೆ ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಹೋದವರು ಇಬ್ಬರು: ಮೂರನೇ ತರಗತಿಯ ಹುಡುಗಿ, ಮತ್ತು ಓದು ಹತ್ತದ ಮಕ್ಕಳನ್ನು ಪರೀಕ್ಷಿಸಲು ಶಾಲೆಗೆ ಬಂದಿದ್ದ ಮೇಡಂ. ಹೊರಗೆ ಕಾರಿಡಾರಿನಲ್ಲಿ, ಪುಟ್ಟ ಮಕ್ಕಳಿಗೆಂದು ಮಾಡಿಸಿದ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತವರು ಅತ್ತೆ ಸೊಸೆ: ಹುಡುಗಿಯ ಅಜ್ಜಿ ಮತ್ತು ತಾಯಿ.

ತಾಯಿ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅರ್ಧ ದಿನ ರಜೆ ಕೇಳಿ ಬಂದಿದ್ದಳು. ಈ ಒಂದು ತಾರೀಖಿಗಾಗಿ ಎಂಟು ತಿಂಗಳು ಶಾಲೆಯ ಆಫೀಸಿಗೆ ಅಲೆದಿದ್ದಳು. ಮಗುವಿಗೆ ಅಕ್ಷರ ಕೂಡಿಸಿ ಓದಲು ಆಗುತ್ತಿಲ್ಲವೆಂದು ಇಂದು ಖಚಿತವಾದರೆ, ದಿನಕ್ಕೊಂದು ಗಂಟೆ ಬೇರೆ ಟೀಚರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ಇಲ್ಲವಾದರೆ ಮತ್ತೆ ಅದೇ ಹಿಂದಿನ ಬೆಂಚು. ಮುಂದಿನ ಅವಕಾಶ ಮುಂದಿನ ವರ್ಷ. ತರಗತಿಯ ಟೀಚರ ಪ್ರಕಾರ ಹುಡುಗಿಗೆ ಏನೂ ಆಗಿಲ್ಲ, ಬರೀ ಮೈಗಳ್ಳತನ. ಹುಡುಗಿಗೆ ಮಾತ್ರ ದಿನಾ ಬೆಳಿಗ್ಗೆ, ಸರಿಯಾಗಿ ಶೂ ಹಾಕುವ ಹೊತ್ತಿಗೆ, ಹೊಟ್ಟೆನೋವು ಬರುತ್ತಿತ್ತು.

"ಕೈ ಹಿಸುಕಿಕೊಳ್ಳಬೇಡ ಕಣೆ. ಒಳ್ಳೆ ನಿನ್ನನ್ನೇ ಪರೀಕ್ಷೆಗೆ ಕರೆದ ಹಾಗಿದೆ," ಎಂದರು ಅತ್ತೆ.

"ನನ್ನನ್ನೇ ಕರೆದಿದ್ರೆ ಚೆನ್ನಾಗಿತ್ತು ಅತ್ತೆ."

ಅತ್ತೆ ನಕ್ಕರು. ಅವರು ಬಹಳ ವರ್ಷ ಸಿನಿಮಾ ಟಾಕೀಸೊಂದರಲ್ಲಿ ಟಿಕೆಟ್ ಹರಿದವರು. ಪ್ರತಿ ಚಿತ್ರದ ಮಾತುಗಳೂ ಅವರಿಗೆ ಬಾಯಲ್ಲೇ ಇರುತ್ತಿದ್ದವು. ಟಿವಿಯ ಮುಂದೆ ಕೂತರೆ ನಾಯಕ ಬಾಯಿ ತೆರೆಯುವ ಮೊದಲೇ ಇವರು ಮಾತು ಮುಗಿಸಿರುತ್ತಿದ್ದರು. ಒಂದು ಕಡೆ ನಿಲ್ಲದ ಮೊಮ್ಮಗಳಿಗೆ ಬುಗುರಿ ಎಂದು ಹೆಸರಿಟ್ಟವರೂ ಅವರೇ. ಇವತ್ತು ಯಾಕೋ ಅವರ ಮುಖದಲ್ಲಿ ಆತಂಕದ ಸುಳಿವೇ ಇರಲಿಲ್ಲ.

ಒಳಗಿನ ಮಾತು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಮೊದಲು ಮರದ ತುಂಡುಗಳನ್ನು ಜೋಡಿಸುವ ಸದ್ದು, ಬುಗುರಿಯ ನಗು. ಆಮೇಲೆ ಮೇಡಂ, "ಈಗ ಈ ಪುಟ ಓದು ನೋಡೋಣ," ಎಂದರು.

ತಾಯಿ ಕಣ್ಣು ಮುಚ್ಚಿಕೊಂಡಳು. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬುಗುರಿ ಕಾಲಾಡಿಸುತ್ತಾಳೆ, ಬಾಯಾರಿಕೆ ಅನ್ನುತ್ತಾಳೆ, ಕೊನೆಗೆ ಅಳುತ್ತಾಳೆ.

"ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಅಂಗಡಿಯ ಗಡಿಯಾರಗಳು ಒಂದೊಂದೂ ಒಂದೊಂದು ಗಂಟೆ ತೋರಿಸುತ್ತಿದ್ದವು."

ತಾಯಿಯ ಎದೆ ಒಂದು ಗಳಿಗೆ ಹಗುರಾಯಿತು. ಮರುಗಳಿಗೆಯಲ್ಲೇ ಕಣ್ಣು ತೆರೆದಳು. ನಿನ್ನೆ ರಾತ್ರಿ ಸೋಪಿನ ಪೊಟ್ಟಣದ ಮೇಲಿನ ಮೂರಕ್ಷರ ಓದಲಾಗದೆ ಮುಖ ತಿರುಗಿಸಿದ್ದವಳು ಇವಳೇ. ತಾಯಿ ಪಕ್ಕಕ್ಕೆ ನೋಡಿದಳು. ಅತ್ತೆಯ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಒಳಗಿನ ದನಿಗಿಂತ ಅರ್ಧ ಉಸಿರು ಮುಂದಿದ್ದವು.

"ಅತ್ತೆ, ಏನು ಮಾಡಿದ್ದೀರಿ?"

"ಮೆಲ್ಲಗೆ ಮಾತಾಡು. ಪರೀಕ್ಷೆ ಅಂದಮೇಲೆ ಮಗೂನ ಬರಿಗೈಲಿ ಕಳಿಸೋಕಾಗುತ್ತಾ? ಮೇಲಿನ ಮನೆ ಹುಡುಗನಿಗೆ ಹೋದ ವರ್ಷ ಇದೇ ಪರೀಕ್ಷೇಲಿ ಯಾವ ಪುಸ್ತಕ, ಯಾವ ಪುಟ ಕೊಟ್ರು ಅಂತ ಕೇಳ್ದೆ. ಅಂಗಡೀಲೇ ಸಿಕ್ತು. ನೀನು ಕೆಲಸಕ್ಕೆ ಹೋದಾಗ ದಿನಾ ಹೇಳಿಕೊಟ್ಟೆ."

"ಏನೂ ಹೇಳಿಕೊಡಬೇಡಿ ಅಂತ ಶಾಲೆಯವರು ಅಷ್ಟು ಸಲ ಹೇಳಿದ್ರಲ್ಲ ಅತ್ತೆ!"

"ಹೇಳ್ತಾರಮ್ಮ. ಆಮೇಲೆ ದಡ್ಡಿ ಅಂತ ಬರೆದುಕೊಂಡು ಹೋಗೋರೂ ಅವರೇ."

ಒಳಗೆ ಬುಗುರಿಯ ಓದು ನಿಂತಿತು. "ಮುದು... ಮುದುಕಿಯೊಬ್ಬಳು ಬಂದು ಕೇಳಿದಳು..."

ಅತ್ತೆ ಸೊಸೆಯ ಪಕ್ಕೆಗೆ ಮೊಣಕೈಯಿಂದ ತಿವಿದರು. "ಕೇಳಿಸ್ತಾ? ಎರಡು ಕಡೆ ತಡವರಿಸು ಅಂದಿದ್ದೆ. ಒಂದೇ ಸಮನೆ ಒದರಿದ್ರೆ ಅನುಮಾನ ಬರುತ್ತಲ್ಲ. ಎಷ್ಟು ಚೆನ್ನಾಗಿ ಮಾಡಿದ್ಲು ನೋಡು, ಬಂಗಾರ!"

ಎರಡನೆಯ ತಡವರಿಕೆಯೂ ಬಂದು ಹೋಯಿತು. "ಭೇಷ್! ಚೆನ್ನಾಗಿ ಓದ್ತೀಯಲ್ಲೇ," ಎಂದಿತು ಮೇಡಂ ದನಿ. ತಾಯಿ ಎದ್ದು ನಿಂತಳು. ಅತ್ತೆ ಅವಳ ಮಣಿಕಟ್ಟು ಹಿಡಿದರು.

"ಕೂತ್ಕೋ. ಶಾಲೆಯಲ್ಲಿ ಮಗೂನ ಯಾರಾದ್ರೂ ಹೊಗಳಿದ್ದು ಇದೇ ಮೊದಲು. ಅದಕ್ಕೂ ಕಲ್ಲು ಹಾಕಬೇಡ."

ತಾಯಿಗೆ ಅದು ನಾಟಿತು. ಬಾಗಿಲಾಚೆಯ ಮುಖ ಈಗ ಹೇಗಿರಬಹುದೆಂದು ಅವಳಿಗೆ ಗೊತ್ತಿತ್ತು.

"ನಾಳೆ ಬೇರೆ ಪುಟ ತೆಗೀತಾರೆ ಅತ್ತೆ."

"ಅದನ್ನೂ ಹೇಳಿಕೊಡ್ತೀನಿ."

"ಎಷ್ಟು ಪುಟ? ನೀವು ಎಷ್ಟು ವರ್ಷ ಇರ್ತೀರಿ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅತ್ತೆಯ ಹಿಡಿತ ಸಡಿಲವಾಯಿತು. ತಾಯಿ ಬಾಗಿಲು ತಳ್ಳಿದಳು.

ಬುಗುರಿ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು, ಮುಖ ಅರಳಿತ್ತು. ತಾಯಿಯನ್ನು ಕಂಡು ಇನ್ನಷ್ಟು ಅರಳಿತು.

"ಪರೀಕ್ಷೆ ನಡೀವಾಗ ಒಳಗೆ ಬರೋ ಹಾಗಿಲ್ಲಮ್ಮ," ಎಂದರು ಮೇಡಂ, ಪೆನ್ನು ಎತ್ತಿ ಹಿಡಿದೇ.

"ಗೊತ್ತು ಮೇಡಂ. ಅವಳು ಓದಲಿಲ್ಲ. ಅದು ಬಾಯಿಪಾಠ. ನಾವೇ ಮಾಡಿಸಿದ್ದು."

"ಸುಳ್ಳು!" ಬುಗುರಿಯ ಕಿವಿಗಳು ಕೆಂಪಾದವು. "ಅಮ್ಮ ಸುಳ್ಳು ಹೇಳ್ತಾಳೆ. ನಂಗೆ ಬರುತ್ತೆ!"

ಮೇಡಂ ತಾಯಿಯನ್ನೂ ಮಗಳನ್ನೂ ನೋಡಿದರು. "ಇದನ್ನ ನೀವು ಮೊದಲೇ ಹೇಳಬೇಕಿತ್ತು."

"ನಂಗೂ ಈಗಲೇ ಗೊತ್ತಾಗಿದ್ದು," ಎನ್ನುವುದು ಬಾಯಿಗೆ ಬಂದಿತ್ತು. ಬಾಗಿಲ ಬಳಿ ಅತ್ತೆ ನಿಂತಿದ್ದರು. ತಾಯಿ, "ತಪ್ಪಾಯ್ತು ಮೇಡಂ," ಎಂದಷ್ಟೇ ಹೇಳಿದಳು.

ಮೇಡಂ ಆ ಪುಸ್ತಕ ಮುಚ್ಚಿ, ಚೀಲದಿಂದ ಇನ್ನೊಂದು ತೆಗೆದು ಹುಡುಗಿಯ ಮುಂದೆ ಬಿಡಿಸಿಟ್ಟರು. ಆ ಪುಟದಲ್ಲಿ ಚಿತ್ರವಿರಲಿಲ್ಲ. ಬುಗುರಿ ಪುಟವನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಬಾಯಿ ತೆರೆದರು. ಈ ಪುಟ ಅವರಿಗೆ ಬಾಯಿಪಾಠವಿರಲಿಲ್ಲ. ಮುಖವನ್ನು ಕಾರಿಡಾರಿನ ಕಡೆಗೆ ತಿರುಗಿಸಿಕೊಂಡರು.

ತಾಯಿ ಗೋಡೆಗೆ ಒರಗಿ ನಿಂತಳು. ಪಕ್ಕದ ತರಗತಿಯಲ್ಲಿ ಯಾರೋ ಬೆಂಚು ಎಳೆದ ಸದ್ದಾಯಿತು. ಬುಗುರಿ ಕಾಲಾಡಿಸಲಿಲ್ಲ, ನೀರು ಕೇಳಲಿಲ್ಲ.

"ನಂಗೆ ಬರಲ್ಲ," ಎಂದಳು ಕೊನೆಗೆ. ಇಷ್ಟು ದಿನ ತಲೆನೋವು, ನಿದ್ದೆ, ಹೊಟ್ಟೆನೋವು ಅಂದಿದ್ದಳೇ ಹೊರತು ಈ ಮಾತನ್ನು ಯಾರೆದುರೂ ಆಡಿರಲಿಲ್ಲ.

"ಸರಿ ಪುಟ್ಟಿ," ಎಂದ ಮೇಡಂ ತಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. "ಎಲ್ಲಿಂದ ಬರಲ್ಲ, ತೋರಿಸು."

ಬುಗುರಿ ಬಹಳ ಹೊತ್ತು ನೋಡಿ, ಮೊದಲನೆಯ ಸಾಲಿನ ಎರಡನೆಯ ಅಕ್ಷರದ ಮೇಲೆ ಬೆರಳಿಟ್ಟಳು.