ಕಟ್ಟಿಗೆಯ ಬಾಯ್ಲರ್

ಬೋರವ್ವ ಅಂಗಳದಲ್ಲಿ ಮೂರು ಕಲ್ಲಿನ ಒಲೆಗೆ ಬಗ್ಗಿ ಊದುತ್ತಿದ್ದಾಗಲೇ ಇಲಾಖೆಯ ಗುಮಾಸ್ತ ಸಿದ್ದರಾಯ ಫೈಲು ಹಿಡಿದುಕೊಂಡು ಗೇಟು ದಾಟಿ ಬಂದ. ಒಳಗೆ ಚಂದ್ರಾಬಾಯಿಯ ಹೆಣ, ಹೊರಗೆ ಅವಳಿಗೆ ಎರೆಯಲು ಕಾಯುತ್ತಿದ್ದ ನೀರು. ಸಾವಿನ ಮನೆಗೆ ಫೈಲು ತರಬಾರದೆಂದು ಅವನಿಗೂ ಗೊತ್ತಿತ್ತು, ಪಾಪ. ಆದರೆ ಮಾರ್ಚ್ ಮೂವತ್ತೊಂದು ಯಾರ ಸಾವಿಗೂ ನಿಲ್ಲುವುದಿಲ್ಲ.

"ಭಾಳ ಕೆಟ್ಟ ಆತ್ರಿ ಮೇಡಂ," ಎಂದ ಸಂಘಮಿತ್ರಾಳಿಗೆ. "ಆದ್ರ ಒಂದ ಸಹಿ ಮಾಡಿಬಿಡ್ರಿ. ಇವತ್ತ ಅಖೇರಿ ದಿನ. ರೊಕ್ಕ ಹೊಳ್ಳಿ ಹೋತಂದ್ರ ಮತ್ತ ಬರತೈತೋ ಇಲ್ಲೋ."

ಸಂಘಮಿತ್ರಾ ತಿಕೋಟಾದ ಸರಕಾರಿ ಬಾಲಕಿಯರ ಹಾಸ್ಟೆಲಿನ ವಾರ್ಡನ್. ಸತ್ತವಳು ಅವಳ ತಾಯಿ, ಅದೇ ಹಾಸ್ಟೆಲಿನ ಅಡುಗೆಯವಳು. ಫೈಲಿನಲ್ಲಿದ್ದದ್ದು ಹುಡುಗಿಯರ ಸ್ನಾನಕ್ಕೆ ನೀರು ಕಾಯಿಸುವ ಹೊಸ ಕಟ್ಟಿಗೆಯ ಬಾಯ್ಲರ್ ಕೊಳ್ಳಲು ಮಂಜೂರಾತಿ.

"ನಾ ಸೋಲಾರ್ ಕೇಳಿದ್ನೆಲ್ರಿ?"

"ಕೇಳಿದ್ರಿ. ಅದರ ರೇಟ್ ಜಾಸ್ತಿ. ಕಮಿಟಿಯವ್ರು ಕಡಿಮಿ ರೇಟಿಂದ ಹಿಡದಾರ. ನಿಮ್ಮ ಸಹಿ ಒಂದ ಉಳದೈತಿ."

"ಕಟ್ಟಿಗಿ ಮುಂದ ಕುಂತು ಊದಾವ್ರು ಯಾರ್ರಿ? ಅವರ ರೇಟ್ ಯಾರ ಹಿಡದಾರ?"

ಸಿದ್ದರಾಯ ಒಲೆಯ ಕಡೆ ನೋಡಿ ಫೈಲನ್ನು ಅವಳ ಕೈಗಿಟ್ಟ.

*

ಮಗಳು ವಾರ್ಡನ್ ಆಗಿ ಬಂದ ದಿನದಿಂದ ಚಂದ್ರಾಬಾಯಿ ಹುಡುಗಿಯರೆದುರು ಅವಳನ್ನು ಮೇಡಂ ಎಂದೇ ಕರೆದಳು. ಅಷ್ಟೊಂದು ಮಾತು ಕೇಳುವವಳು, ಒಲೆ ಬಿಡು ಎಂದರೆ ಮಾತ್ರ ಕೇಳಲಿಲ್ಲ. ಚಳಿಗಾಲದಲ್ಲಿ ಎಲ್ಲರಿಗೂ, ಬೇಸಿಗೆಯಲ್ಲಿ ಮುಟ್ಟಾದ ಹುಡುಗಿಯರಿಗೆ, ಮುಂಜಾನೆ ನೀರು ಕಾಯಿಸಲೇಬೇಕು. ಅಡುಗೆಗೆ ಗ್ಯಾಸ್ ಬಂದಿತ್ತು, ಬಚ್ಚಲಿಗೆ ಬಂದಿರಲಿಲ್ಲ.

ಕೆಮ್ಮು ಹೆಚ್ಚಾದಾಗ ವಿಜಯಪುರದ ಡಾಕ್ಟರು, "ಎಷ್ಟ ವರ್ಷದಿಂದ ಬೀಡಿ ಸೇದಾಕತ್ತಿ?" ಎಂದು ಕೇಳಿದರು. ಬೀಡಿ ಮುಟ್ಟಿಯೇ ಇರದ ಚಂದ್ರಾಬಾಯಿ ನಕ್ಕು ನಕ್ಕು ಇನ್ನಷ್ಟು ಕೆಮ್ಮಿದಳು. ಸಂಘಮಿತ್ರಾಳಿಗೆ ಮೈಯೆಲ್ಲ ಉರಿಯಿತು.

"ನಾಳಿಂದ ಒಲಿ ಮುಂದ ಕುಂದರಬ್ಯಾಡ ಬೇ," ಎಂದಳು ಬಸ್ಸಿನಲ್ಲಿ.

"ನಾ ಎದ್ರ ಬೋರವ್ವ ಕುಂದರತಾಳ. ಆಕಿಗೆ ಸಣ್ಣ ಮಕ್ಕಳದಾವ."

*

ಹಾಸ್ಟೆಲಿನ ಇನ್ನೊಬ್ಬ ಅಡುಗೆಯವಳಾದ ಆ ಬೋರವ್ವನನ್ನೇ ಸಂಘಮಿತ್ರಾ ಈಗ ಹತ್ತಿರ ಕರೆದಳು.

"ಸಹಿ ಮಾಡಿದ್ರ ಕಟ್ಟಿಗಿ ಬಾಯ್ಲರ್ ಬರತೈತಿ. ಅದು ಸವದು ಹಾಳಾಗೂತನಾ ಬ್ಯಾರೆ ಕೊಡೂದಿಲ್ಲ. ಮಾಡ್ಲಿಲ್ಲಂದ್ರ ಸೋಲಾರ್ ಮತ್ತ ಕೇಳಬಹುದು, ಆದ್ರ ಬರೂ ಚಳಿಗಾಲಕ್ಕೂ ಹಳೇ ಒಲಿನ. ಹೊಗಿ ಕುಡಿಯಾಕಿ ನೀ. ಏನ ಮಾಡ್ಲಿ?"

ಬೋರವ್ವ ಬಾಗಿಲೊಳಗೆ ಮಲಗಿಸಿದ್ದ ಹೆಣವನ್ನು ನೋಡಿದಳು. ದನಿ ಇಳಿಸಿದಳು.

"ಒಂದ ಚಳಿಗಾಲ ಹೆಂಗರ ಕಳೀತೇನ್ರಿ ಅಕ್ಕಾರ. ಸಾಯೂತನಾ ಅಂದ್ರ ಅಂಜಿಕಿ ಬರತೈತಿ."

"ಒಂದಿನ ನೀ ಕುಂದರು, ಒಂದಿನ ನಾ ಕುಂದರತೇನಿ," ಎಂದು ಸಂಘಮಿತ್ರಾ ಫೈಲನ್ನು ಸಿದ್ದರಾಯನಿಗೆ ತಿರುಗಿ ಕೊಟ್ಟಳು. "ಸಹಿ ಮಾಡೂದಿಲ್ರಿ."

"ರೊಕ್ಕ ಕಳದಾಕಿ ಅಂತ ನೋಟಿಸ್ ಕೊಡತಾರ್ರಿ. ಬದಲಿನೂ ಮಾಡಬಹುದು."

"ಮಾಡ್ಲಿ. ಬೋರವ್ವಾ, ಆ ಒಲಿ ಆರಿಸು. ಟಾಕಿ ನೀರ ಹಿಡಿ."

"ಹೆಣಕ್ಕ ತಣ್ಣೀರ ಎರೀತಾರೇನ?" ನೆರೆಮನೆಯ ಮುದುಕಿ ದುಂಡವ್ವ ರೇಗಿದಳು.

"ಮುಟ್ಟಿ ನೋಡಬೇ."

ಮಾಳಿಗೆಯ ಕರಿ ಟಾಕಿ ಮುಂಜಾನೆಯಿಂದ ಬಿಸಿಲು ಕುಡಿದಿತ್ತು. ನಳದ ಕೆಳಗೆ ಕೈಯಿಟ್ಟ ದುಂಡವ್ವ ಹಾಯ್ ಎಂದು ಹಿಂದಕ್ಕೆಳೆದುಕೊಂಡಳು. ಸಿದ್ದರಾಯ ಯಾರ ಮುಖವನ್ನೂ ನೋಡದೆ ಹೋಗಿ ಮೋಟರ್‌ಸೈಕಲ್ ಏರಿದ.

ಹೆಂಗಸರು ಚಂದ್ರಾಬಾಯಿಯನ್ನು ಹೊರತಂದು ಕೂರಿಸಿದರು. ಸಂಘಮಿತ್ರಾ ತಾಯಿಯ ತುರುಬು ಬಿಚ್ಚಿ ನೀರು ಸುರಿದಳು. ಒಲೆ ಆಗಲೇ ಆರಿತ್ತು. ಆದರೂ ಒದ್ದೆ ಕೂದಲಿನಿಂದ ಹೊಗೆಯ ವಾಸನೆ ಎದ್ದಿತು. ಸಾಬೂನು ಹಚ್ಚಿ ತಿಕ್ಕಿದಳು, ತೊಳೆದಳು, ಮೂಸಿದಳು. ಮತ್ತೆ ಹಚ್ಚಿದಳು.

"ಸಾಕು ಬಿಡ ಯವ್ವಾ," ಎಂದು ದುಂಡವ್ವ ಅವಳ ಕೈ ಹಿಡಿದಳು.

ಸಂಘಮಿತ್ರಾ ಕೈ ಬಿಡಿಸಿಕೊಂಡು ಇನ್ನೊಂದು ತಂಬಿಗೆ ನೀರು ತುಂಬಿಕೊಂಡಳು.